ಕೆಳದವಡೆಯ ತಿರುಪು

ನನ್ನ ಕೆಳಸಾಲಿನ ಹಲ್ಲುಗಳು ಸೋಮವಾರದ ಸಂತೆಗೆ ಪುತ್ತೂರಿಗೆ ಹೋಗುವ ಬಸ್ಸಿನ ಹಾಗೆ ಇದ್ದವು. ಒಬ್ಬರ ಹೆಗಲ ಮೇಲೆ ಒಬ್ಬರು, ಒಬ್ಬರ ಬೆನ್ನಿಗೆ ಒಬ್ಬರು, ಒಬ್ಬನಂತೂ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ. ಆ ನೇತಾಡುವವನೇ ವರ್ಷಗಟ್ಟಲೆ ನನ್ನ ಪ್ರಾಣ ತಿಂದವನು.

ಬೇರೆ ಕೆಲಸ ಮಾಡುವವಳಾಗಿದ್ದರೆ ಸೊಟ್ಟ ಹಲ್ಲಿನ ಜೊತೆ ಹೇಗೋ ಹೊಂದಿಕೊಂಡು ಬಾಳುತ್ತಿದ್ದೆ. ಆದರೆ ನಾನು ಸ್ಯಾಕ್ಸೊಫೋನ್ ಊದುವವಳು. ನಾಗಸ್ವರದವರಾಗಿದ್ದ ಅಪ್ಪ ಕೊನೆಗಾಲಕ್ಕೆ ಅದನ್ನು ಹಿಡಿದರು, ಅವರಿಂದ ನಾನು ಕಲಿತೆ. ಮದುವೆಯಾಗಿ ಬಂದದ್ದು ಕಡಬದ ಹತ್ತಿರದ ವಾದ್ಯದವರ ಮನೆಗೆ. ಗಂಡ ಉಮೇಶ್ ಡೋಲು ಬಾರಿಸುತ್ತಾರೆ, ಅವರ ದೊಡ್ಡಪ್ಪನ ಮಗ ನಾರಾಯಣಣ್ಣ ತಾಳ ಹಾಕುತ್ತಾರೆ. ಮದುವೆ, ಗೃಹಪ್ರವೇಶ, ದೇವಸ್ಥಾನದ ಉತ್ಸವಬಲಿ, ದೈವದ ಕೋಲ, ನೇಮ ಎಂದು ನಮ್ಮ ವಾದ್ಯದ ಸೆಟ್ಟು ಪುತ್ತೂರು, ಸುಳ್ಯ, ಕಡಬದ ಕಡೆಯೆಲ್ಲ ತಿರುಗುತ್ತದೆ.

ಸ್ಯಾಕ್ಸೊಫೋನ್ ಊದುವಾಗ ಕೆಳತುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಮಡಚಿ, ಅದರ ಮೇಲೆ ಗಾಳಿಗೆ ನಡುಗುವ ತೆಳು ಪಟ್ಟಿಯಾದ ರೀಡನ್ನು ಕೂರಿಸಬೇಕು. ರೀಡು ಎಷ್ಟು ನಡುಗುತ್ತಿದೆ, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ಆ ತುಟಿಗೇ ತಿಳಿಯುವುದು. ಕಿವಿಗಿಂತ ಮೊದಲು ತುಟಿ ಕೇಳಿಸಿಕೊಳ್ಳುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ನನ್ನ ತುಟಿಯ ಕೆಳಗೆ ಆ ಮುಂದೆ ಬಂದ ಹಲ್ಲು ಮೊಳೆಯ ಹಾಗೆ ಚುಚ್ಚುತ್ತಿತ್ತು. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ಬಸ್ಸಿನ ಟಿಕೇಟನ್ನು ಮಡಚಿ ಹಲ್ಲಿನ ಮೇಲೆ ಇಟ್ಟುಕೊಳ್ಳುವುದು. ಕಡಬದಿಂದ ಉಪ್ಪಿನಂಗಡಿಯ ಒಂದು ಟಿಕೇಟು ಒಂದು ಮದುವೆಗೆ ಸಾಕಾಗುತ್ತಿತ್ತು. ಗೃಹಪ್ರವೇಶಕ್ಕೆ ಅದರ ಅರ್ಧವೇ ಧಾರಾಳ.

ಒಂದು ನೇಮದಲ್ಲಿ ದೈವದ ಹಿಂದೆ ನಿಂತು ಊದುತ್ತಿದ್ದಾಗ ಬಾಯಲ್ಲಿ ಉಪ್ಪುಪ್ಪು ರುಚಿ ಬಂತು. ನಡುವೆ ಬಿಡುವಾದಾಗ ನೋಡಿದರೆ ರೀಡು ಕೆಂಪಾಗಿತ್ತು. ಗಂಡ ಅದನ್ನು ನೋಡಿದರು. "ಇನ್ನು ಟಿಕೇಟಿನಲ್ಲಿ ಆಗುದಿಲ್ಲ ಮಾರಾಯ್ತಿ, ನಾಳೆಯೇ ಡಾಕ್ಟ್ರಲ್ಲಿಗೆ ಹೋಗುವ" ಎಂದರು. ಅವರಿಗೆ ಆಸ್ಪತ್ರೆ ಎಂದರೆ ಆಗುವುದಿಲ್ಲ, ಇಂಜೆಕ್ಷನ್ ಸೂಜಿ ಕಂಡರೆ ಗೋಡೆ ಹುಡುಕುವ ಜನ. ಅವರೇ ಹೀಗೆ ಹೇಳಿದ ಮೇಲೆ ವಿಷಯ ಸಣ್ಣದಲ್ಲ ಎಂದು ನನಗೂ ಅನ್ನಿಸಿತು.

ಪುತ್ತೂರಿನ ಹಲ್ಲಿನ ಡಾಕ್ಟರು ಎಕ್ಸ್‌ರೇ ಹಿಡಿದು ಬಹಳ ಹೊತ್ತು ನೋಡಿದರು. "ಇದು ಹಲ್ಲಿನ ತಪ್ಪಲ್ಲ, ಜಾಗದ ತಪ್ಪು. ನಿಮ್ಮ ಕೆಳದವಡೆಗೆ ಅಗಲವೇ ಸಾಲುದಿಲ್ಲ" ಎಂದು ಸುಳ್ಯದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸಿಕ್ಕಿದವರೇ ನಮ್ಮ ಡಾಕ್ಟ್ರಮ್ಮ. ಮೆಲ್ಲಗೆ ಮಾತಾಡುತ್ತಾರೆ, ಆದರೆ ಬೆಣ್ಣೆ ಹಚ್ಚಿ ಮಾತಾಡುವವರಲ್ಲ. ಎರಡು ಹಲ್ಲು ಕಿತ್ತರೆ ಸಾಲು ನೇರವಾದೀತು, ಆದರೆ ನಾಲಿಗೆಗೆ ಈಗಲೇ ಜಾಗವಿಲ್ಲ, ಬಾಯಿ ಇನ್ನೂ ಸಣ್ಣದಾಗುತ್ತದೆ ಎಂದರು. ಇನ್ನೊಂದು ದಾರಿ ದವಡೆಯನ್ನೇ ಅಗಲ ಮಾಡುವುದು.

"ಗದ್ದದ ನಡುವೆ ಎಲುಬನ್ನು ಬೇರೆ ಮಾಡಿ, ಹಲ್ಲಿನ ಹಿಂದೆ ಒಂದು ಸಣ್ಣ ತಿರುಪು ಕೂರಿಸ್ತೇವೆ. ಗಾಯ ಸ್ವಲ್ಪ ಆರಿದ ಮೇಲೆ ಮನೆಯಲ್ಲೇ ಬೆಳಿಗ್ಗೆ ಸಂಜೆ ಅದನ್ನು ಚೂರು ಚೂರು ತಿರುಗಿಸಬೇಕು. ಎಲುಬು ಮೆಲ್ಲ ಅಗಲ ಆಗ್ತದೆ, ನಡುವಿನ ಜಾಗದಲ್ಲಿ ಹೊಸ ಎಲುಬು ಬರ್ತದೆ. ಆಮೇಲೆ ತಂತಿ ಹಾಕಿ ಹಲ್ಲುಗಳನ್ನು ಆ ಜಾಗಕ್ಕೆ ಎಳೆಯುದು."

ತಿರುಪು ಎಂದದ್ದೇ ತಡ, ಅಲ್ಲಿಯವರೆಗೆ ನೆಲ ನೋಡುತ್ತಿದ್ದ ನನ್ನ ಗಂಡ ತಲೆ ಎತ್ತಿದರು. "ಅದನ್ನು ನನಗೆ ಬಿಡಿ ಡಾಕ್ಟ್ರೇ. ನಾನು ಡೋಲಿನವ. ನಮ್ಮ ಡೋಲಿಗೆ ಸುತ್ತ ಬೋಲ್ಟೇ ಇರುದು. ದಿನಾ ಸ್ಪ್ಯಾನರಿನಲ್ಲಿ ಬಿಗಿ ಮಾಡುದೇ ನನ್ನ ಕೆಲಸ."

ಡಾಕ್ಟ್ರಮ್ಮ ನಕ್ಕರು. ನಾನು ಕೇಳಬೇಕಾದ್ದನ್ನು ಆಗ ಕೇಳಿದೆ. "ನನಗೆ ಆಮೇಲೆ ಊದ್ಲಿಕ್ಕೆ ಆಗ್ತದಾ?"

ಅವರು ನಗು ನಿಲ್ಲಿಸಿದರು. "ಆಪರೇಷನ್ ಆದ ಮೇಲೆ ಕೆಳತುಟಿ, ಗದ್ದ ಜೋಮು ಹಿಡಿದ ಹಾಗೆ ಆಗ್ತದೆ. ಹೆಚ್ಚಿನವರಿಗೆ ಸ್ಪರ್ಶ ವಾಪಸ್ ಬರ್ತದೆ. ಕೆಲವರಿಗೆ ತಡ ಆಗ್ತದೆ. ಪೂರ್ತಿ ಬಂದೇ ಬರ್ತದೆ ಅಂತ ಹೇಳಿದ್ರೆ ಅದು ಸುಳ್ಳಾಗ್ತದೆ."

ಹಲ್ಲು ಆಗಲೇ ಅಲ್ಲಾಡತೊಡಗಿತ್ತು, ಹಾಗೆಯೇ ಬಿಟ್ಟರೆ ತುಟಿ ಹುಣ್ಣಾಗುತ್ತಿತ್ತು, ಊದುವುದು ಹೇಗೂ ನಿಲ್ಲುತ್ತಿತ್ತು. ಮಾಡಿಸಿದರೆ ತುಟಿಯೇ ಸತ್ತುಹೋಗಬಹುದು. ಅತ್ತ ದರಿ, ಇತ್ತ ಪುಲಿ. ಸುಳ್ಯದಿಂದ ಬೆಳ್ಳಾರೆ, ಪಂಜದ ದಾರಿಯಾಗಿ ಮನೆಗೆ ಬರುವಾಗ ನಾನು ಬಸ್ಸಿನ ಟಿಕೇಟನ್ನು ಮಡಚುತ್ತ, ಬಿಡಿಸುತ್ತ ಕೂತಿದ್ದೆ. ಚಂದ ಕಾಣಲಿಕ್ಕೆ ಮಾಡಿಸುವವರ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ರೀಡಿನ ನಡುಕವನ್ನು ತಿಳಿಯುವ ಒಂದು ತುಟಿ ಮಾತ್ರ.

ಮನೆಯಲ್ಲಿ ಮಾಮಿಗೆ ಹೇಳಿದೆವು. ಅತ್ತೆಯನ್ನು ನಾವು ಮಾಮಿ ಎನ್ನುವುದು. ಅವರು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಹಲ್ಲು ಹೆಚ್ಚಾದ್ರೆ ಹಲ್ಲು ಕೀಳುದು. ಎಲುಬು ಎಂತಕ್ಕೆ ತುಂಡು ಮಾಡುದು? ಮನೆಯಲ್ಲಿ ಜನ ಹೆಚ್ಚಾದ್ರೆ ಗೋಡೆ ಒಡೀತಾರಾ?"

"ಒಡೀತಾರಲ್ಲ ಅಮ್ಮ, ಇನ್ನೊಂದು ಕೋಣೆ ಹಾಕ್ಲಿಕ್ಕೆ" ಎಂದರು ಗಂಡ. ಮಾಮಿ ಒಳಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದರು.

ಆದರೆ ಮರುದಿನವೇ ದೇವರಿಗೆ ಬೆಳ್ಳಿಯ ದವಡೆ ಒಪ್ಪಿಸುವುದಾಗಿ ಹರಕೆ ಹೇಳಿಕೊಂಡವರೂ ಅವರೇ. ಕಣ್ಣು ನೋವಿಗೆ ಬೆಳ್ಳಿಯ ಕಣ್ಣು, ಕಾಲು ನೋವಿಗೆ ಬೆಳ್ಳಿಯ ಕಾಲು ಹಾಕುವುದು ನಮ್ಮಲ್ಲಿ ಇದ್ದದ್ದೇ. ಪುತ್ತೂರಿನ ಬೆಳ್ಳಿ ಅಂಗಡಿಯಲ್ಲಿ ಕೈ, ಕಾಲು, ಕಣ್ಣು, ಹಾವು ಎಲ್ಲ ಸಾಲಾಗಿ ಇದ್ದವು, ದವಡೆ ಇರಲಿಲ್ಲ. "ಇಷ್ಟರವರೆಗೆ ಯಾರೂ ಕೇಳಿದ್ದಿಲ್ಲ ಅಮ್ಮ, ಯಾವ ಆಕಾರ ಮಾಡುದು?" ಎಂದು ಅಂಗಡಿಯವರು ಕೇಳಿದಾಗ ಮಾಮಿ ತಮ್ಮ ಕೆಳಗಿನ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ಬಾಯಿಂದ ತೆಗೆದು ಗಾಜಿನ ಮೇಲೆ ಇಟ್ಟರಂತೆ. "ಇದೇ ಆಕಾರ. ಆದ್ರೆ ಇದಕ್ಕಿಂತ ಸ್ವಲ್ಪ ಅಗಲ ಮಾಡಿ." ಆ ದವಡೆ ಆಮೇಲೆ ದೇವರ ಪಾದ ಸೇರಿತು. ಅರ್ಚಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಕೇಳದೆ ತಟ್ಟೆಗೆ ಹಾಕಿಕೊಂಡರು.

ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ನೇಮಗಳು ನಿಲ್ಲುತ್ತವೆ, ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ವಾದ್ಯದವರ ಮನೆಯಲ್ಲಿ ಹಲ್ಲುನೋವಿನಿಂದ ಹಿಡಿದು ಹೆರಿಗೆಯವರೆಗೆ ಎಲ್ಲವನ್ನೂ ಆ ತಿಂಗಳುಗಳಿಗೇ ಮುಂದೂಡುವ ಕ್ರಮ. ನನ್ನ ಆಪರೇಷನ್ನನ್ನೂ ಆಗಲೇ ಇಟ್ಟುಕೊಂಡೆವು.

ಆ ಬೆಳಿಗ್ಗೆ ಆಸ್ಪತ್ರೆಯ ಸ್ಟೀಲಿನ ಬೆಂಚಿನಲ್ಲಿ ಕೂತಿದ್ದಾಗ ಗಂಡನ ಬೆರಳುಗಳು ತಮ್ಮಷ್ಟಕ್ಕೆ ಬೆಂಚನ್ನು ಬಾರಿಸತೊಡಗಿದವು. ಹೆದರಿಕೆಯಾದರೆ ಅವರಿಗೆ ಹಾಗೆ. ನರ್ಸ್ ಬಂದು "ಇದು ಮದುವೆ ಹಾಲ್ ಅಲ್ಲ" ಎಂದು ಗದರಿದರು. ಪಕ್ಕದಲ್ಲಿ ಉಪ್ಪಿನಂಗಡಿಯ ಒಬ್ಬರು ಬ್ಯಾರಿ ಅಜ್ಜಿ ಕೂತಿದ್ದರು. ಅವರ ಮಗ ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡು ಒಳಗೆ ಮಲಗಿದ್ದನಂತೆ. ನನ್ನ ಕಥೆ ಕೇಳಿದ ಮೇಲೆ ಅವರು ನನ್ನ ಕೈ ಹಿಡಿದುಕೊಂಡರು.

"ಮಗಳೇ, ಆಪರೇಷನ್‌ಗೆ ಹೆದರ್ಬೇಡ, ಅದು ನಿನಗೆ ಗೊತ್ತೇ ಆಗುದಿಲ್ಲ. ಆಮೇಲೆ ಗಂಜಿ ಕುಡಿವಾಗ ಎದುರಿಗೆ ಒಂದು ಕನ್ನಡಿ ಇಟ್ಕೋ. ತುಟಿಗೆ ಗೊತ್ತಾಗುದಿಲ್ಲ, ಗಂಜಿ ಗದ್ದದಲ್ಲಿ ಹರೀತದೆ. ನನ್ನ ಮಗ ನಾಚಿಕೆಯಿಂದ ಊಟವೇ ಬಿಟ್ಟಿದ್ದ."

ಎಷ್ಟೋ ಜನ ನನಗೆ ಧೈರ್ಯ ಹೇಳಿದ್ದರು. ಉಪಯೋಗಕ್ಕೆ ಬರುವ ಮಾತು ಹೇಳಿದವರು ಅವರೊಬ್ಬರೇ. ಹೆಸರು ಕೇಳುವುದಕ್ಕೂ ಸಮಯ ಸಿಗಲಿಲ್ಲ, ನನ್ನನ್ನು ಒಳಗೆ ಕರೆದರು.

ಎಚ್ಚರವಾದಾಗ ಗಂಟಲು ಒಣಗಿತ್ತು, ಮುಖ ಕುಂಬಳಕಾಯಿಯಾಗಿತ್ತು. ಕೆಳತುಟಿ ಇರುವುದು ಕಣ್ಣಿಗೆ ಕಾಣುತ್ತಿತ್ತು, ಆದರೆ ಅದು ನನ್ನದು ಎನ್ನಿಸುತ್ತಿರಲಿಲ್ಲ. ಡಾಕ್ಟ್ರಮ್ಮ ಹತ್ತಿಯಿಂದ ಮುಟ್ಟಿ "ಗೊತ್ತಾಗ್ತದಾ?" ಎಂದರು. ಇಲ್ಲ ಎಂದು ತಲೆಯಾಡಿಸಿದೆ. "ಈಗ?" ಇಲ್ಲ. ಅವರು ಅದನ್ನು ನಿರೀಕ್ಷಿಸಿದ್ದವರಂತೆ ಬೆನ್ನು ತಟ್ಟಿ ಹೋದರು. ನಾನು ಗೋಡೆಯ ಕಡೆ ಮುಖ ಮಾಡಿ ಅತ್ತೆ. ಕಣ್ಣೀರು ಕೆನ್ನೆಯಲ್ಲಿ ಇಳಿಯುವುದು ಗೊತ್ತಾಗುತ್ತಿತ್ತು, ಗದ್ದಕ್ಕೆ ಬಂದದ್ದೇ ಕಾಣೆಯಾಗುತ್ತಿತ್ತು.

ಮನೆಗೆ ಬಂದ ಮೇಲೆ ಶುರುವಾಯಿತು ನೆಂಟರ ಸಾಲು. ಕಾಯಿಲೆಯವರನ್ನು ನೋಡಲು ನಮ್ಮಲ್ಲಿ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಬ್ರೆಡ್ಡು, ರಸ್ಕು, ಚಕ್ಕುಲಿ, ಒಬ್ಬರಂತೂ ಕಲ್ಲಿನಂಥ ಎಳ್ಳುಂಡೆ ತಂದರು. ಬಾಯಿ ಎರಡು ಬೆರಳು ತೆರೆಯಲಾಗದವಳ ಎದುರು ಕೂತು, "ಎಂತ, ಏನೂ ತಿಂತಾ ಇಲ್ವಂತೆ?" ಎಂದು ಕನಿಕರದಿಂದ ಕೇಳುತ್ತ ಅವರೇ ತಿಂದು ಹೋದರು. ಮಾಮಿ ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಸೋಸಿ, ಸ್ವಲ್ಪ ತುಪ್ಪ ಹಾಕಿ, ಕನ್ನಡಿಯ ಎದುರು ನನ್ನನ್ನು ಕೂರಿಸುತ್ತಿದ್ದರು. ಗಂಜಿ ಸೋರಿದರೆ ನನಗಿಂತ ಮೊದಲೇ ಅವರ ಸೆರಗು ಬಂದು ಒರೆಸುತ್ತಿತ್ತು. ಎಲುಬು ತುಂಡು ಮಾಡುವುದು ಬೇಡವೆಂದು ಜಗಳ ಮಾಡಿದ ಹೆಂಗಸು ಒಮ್ಮೆಯೂ "ನಾನು ಹೇಳಿದ್ದೆ ಅಲ್ವಾ" ಎನ್ನಲಿಲ್ಲ. ಅದಕ್ಕೆ ನಾನು ಅವರಿಗೆ ಎಷ್ಟು ಋಣಿ ಎಂದು ಅವರಿಗೆ ಗೊತ್ತಿಲ್ಲ, ಹೇಳಿದರೆ ಬೈಯುತ್ತಾರೆ.

ಡಾಕ್ಟ್ರಮ್ಮ ಹೇಳಿದ ದಿನ ಬಂತು. ತಿರುಪು ತಿರುಗಿಸುವ ಕೀಲಿ ಒಂದು ಸಣ್ಣ ತಂತಿಯಷ್ಟೇ. ಅದನ್ನು ತಿರುಪಿನ ತೂತಿಗೆ ಹಾಕಿ, ಮೇಲಿಂದ ಕೆಳಕ್ಕೆ ತಳ್ಳಿ ತೆಗೆಯಬೇಕು. ಆಸ್ಪತ್ರೆಯಲ್ಲಿ ಗಂಡನಿಗೆ ಒಮ್ಮೆ ತೋರಿಸಿಕೊಟ್ಟಿದ್ದರು. ಬೆಳಕು ಚೆನ್ನಾಗಿ ಬೀಳುವ ಜಗಲಿಯಲ್ಲಿ ನಾನು ತಲೆ ಹಿಂದಕ್ಕೆ ಹಾಕಿ ಕೂತೆ, ಮಾಮಿ ಟಾರ್ಚ್ ಹಿಡಿದರು, ಗಂಡ ಕೈ ತೊಳೆದು, ದೇವರ ದೀಪಕ್ಕೆ ಕೈ ಮುಗಿದು ಬಂದರು. ಸೂಜಿ ಕಂಡರೆ ಬೆವರುವ ಮನುಷ್ಯನ ಕೈ ಆ ಹೊತ್ತಿಗೆ ಒಂದು ಚೂರೂ ನಡುಗಲಿಲ್ಲ. ಹಲ್ಲಿನ ಬುಡದಲ್ಲಿ ಒಂದು ಒತ್ತಡ, ಆಮೇಲೆ ಅದು ಸ್ವಲ್ಪ ಸಡಿಲವಾದ ಹಾಗೆ. ನೋವು ಅಂಥದ್ದೇನೂ ಇರಲಿಲ್ಲ.

"ಆಯ್ತು. ನೋವಾಯ್ತಾ?"

ಇಲ್ಲ ಎಂದು ಕೈಯಾಡಿಸಿದೆ. ಅವರ ಮುಖ ನೋಡಬೇಕಿತ್ತು. ಗರ್ನಾಲು ಸರಿಯಾಗಿ ಸಿಡಿದಾಗ ಹಚ್ಚಿದವನಿಗೆ ಆಗುವಷ್ಟು ಸಂತೋಷ.

ತಿರುಗಿಸುತ್ತ ಹೋದ ಹಾಗೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಡಬೇಕು, ಸಂದು ಬಂದರೆ ಎಲುಬು ಅಗಲವಾಗುತ್ತಿದೆ ಎಂದು ಅರ್ಥ. ಮಾಮಿ ಬೆಳಿಗ್ಗೆ ಕಾಫಿಗಿಂತ ಮೊದಲು ನನ್ನ ಬಾಯಿ ನೋಡುತ್ತಿದ್ದರು. ದಿನ ಕಳೆಯಿತು, ಇನ್ನೊಂದು ದಿನ ಕಳೆಯಿತು, ಕೂದಲೆಳೆಯಷ್ಟು ಗೆರೆ ಬಿಟ್ಟರೆ ಸಂದು ಕಾಣಲಿಲ್ಲ. "ಇವಳ ಎಲುಬು ಗಟ್ಟಿ. ಹಲಸಿನ ಬೀಜ ತಿಂದು ಬೆಳೆದವಳಲ್ವಾ" ಎಂದು ಮಾಮಿ ನನ್ನ ತವರಿಗೆ ಒಂದು ಚುಚ್ಚು ಕೊಟ್ಟರು. ನಗಲಿಕ್ಕೂ ಆಗದೆ ಕೂತಿದ್ದೆ. ಒಳಗೊಳಗೆ ಹೆದರಿಕೆ ಶುರುವಾಗಿತ್ತು. ತುಟಿಯೂ ಸತ್ತು, ದವಡೆಯೂ ಅಗಲವಾಗದಿದ್ದರೆ ಇಷ್ಟೆಲ್ಲ ಮಾಡಿದ್ದು ಯಾತಕ್ಕೆ?

ಪರೀಕ್ಷೆಗೆ ಹೋದಾಗ ಡಾಕ್ಟ್ರಮ್ಮ ಬಾಯಿ ನೋಡಿದವರೇ ಹುಬ್ಬು ಗಂಟಿಕ್ಕಿದರು. "ದಿನಾ ಬೆಳಿಗ್ಗೆ ಸಂಜೆ ತಿರುಗಿಸಿದ್ದೀರಾ?"

"ಒಂದು ಹೊತ್ತೂ ತಪ್ಪಿಲ್ಲ ಡಾಕ್ಟ್ರೇ."

"ನನ್ನೆದುರು ಒಮ್ಮೆ ತಿರುಗಿಸಿ ನೋಡುವ."

ಗಂಡ ಕೀಲಿ ಹಾಕಿದರು, ನಾಜೂಕಾಗಿ ಕೆಳಕ್ಕೆ ತಳ್ಳಿದರು. ಆಮೇಲೆ ಕೀಲಿ ತೆಗೆಯುವ ಮೊದಲು, ಅಷ್ಟೇ ನಾಜೂಕಾಗಿ, ಸ್ವಲ್ಪ ಮೇಲಕ್ಕೆ ತಂದರು.

"ನಿಲ್ಲಿ. ಈಗ ಎಂತ ಮಾಡಿದ್ರಿ?"

"ಒಂದು ಎಳೆ ಹಿಂದಕ್ಕೆ ಬಿಟ್ಟೆ."

"ಎಂತಕ್ಕೆ?"

"ಇಲ್ಲದಿದ್ರೆ ಚರ್ಮ ಹರೀತದಲ್ಲ ಡಾಕ್ಟ್ರೇ."

"ಯಾವ ಚರ್ಮ?"

ಗಂಡ ಕೈಯಲ್ಲಿದ್ದ ಕೀಲಿಯನ್ನು ನೋಡಿದರು. "ಡೋಲಿಂದು" ಎಂದರು ಮೆಲ್ಲಗೆ.

ಡೋಲಿನ ಬೋಲ್ಟನ್ನು ಬಿಗಿ ಮಾಡಿದ ಮೇಲೆ ಪ್ರತಿಸಲ ಚೂರು ಹಿಂದಕ್ಕೆ ಬಿಡಬೇಕು, ಚರ್ಮಕ್ಕೂ ಉಸಿರಾಡಲು ಬಿಡಬೇಕು ಎಂದು ಅವರ ಗುರುಗಳು ಕಲಿಸಿದ್ದರಂತೆ. ಸಣ್ಣಂದಿನಿಂದ ಕೈಗೆ ಹತ್ತಿದ ಅಭ್ಯಾಸ. ಮುಂದಕ್ಕೆ ಹೋದದ್ದರಲ್ಲಿ ಅರ್ಧವನ್ನು ಅವರ ಕೈ ದಿನಾ ಹಿಂದಕ್ಕೆ ತರುತ್ತಿತ್ತು, ಅದೂ ನನಗೆ ನೋವಾಗಬಾರದೆಂಬ ಅಕ್ಕರೆಯಿಂದ. ತಲೆ ಹಿಂದಕ್ಕೆ ಹಾಕಿ ಕೂತಿದ್ದ ನನಗೆ ಆ ಕೊನೆಯ ಚೂರು ಸಡಿಲ ಹಿತವಾಗಿಯೇ ಇತ್ತು.

ಡಾಕ್ಟ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಕೂತು, ಇಬ್ಬರಿಗೂ ಸರಿಯಾಗಿ ಹೇಳಿದರು. ಎಲುಬು ನಮಗಾಗಿ ಕಾಯುವುದಿಲ್ಲ, ಅದು ಆಗಲೇ ಕೂಡತೊಡಗಿರುತ್ತದೆ. ಇನ್ನು ತಡವಾಗಿದ್ದರೆ ಮತ್ತೆ ಕತ್ತರಿಸಬೇಕಾಗುತ್ತಿತ್ತು. "ನಿಮ್ಮ ಅದೃಷ್ಟ ಚೆನ್ನಾಗಿದೆ, ಇನ್ನೂ ಮೆತ್ತಗೆ ಉಂಟು" ಎಂದು ಹೇಳಿ, ಇನ್ನಷ್ಟು ದಿನ ತಿರುಗಿಸಬೇಕೆಂದು ಲೆಕ್ಕ ಹಾಕಿಕೊಟ್ಟರು. ಮೆತ್ತಗೆ ಉಂಟು ಎಂದಾಗ ಅವರ ಕಾಲಿಗೆ ಬೀಳುವುದೊಂದು ಬಾಕಿ.

ಸಂಜೆ ಗಂಡ ಕೀಲಿಯನ್ನು ಮಾಮಿಯ ಎದುರು ಇಟ್ಟು, "ಇದು ನನ್ನಿಂದ ಆಗುದಿಲ್ಲ. ನಾರಾಯಣಣ್ಣನಿಗೆ ಹೇಳುವ" ಎಂದರು. ನಾನು ಆ ಕೀಲಿಯನ್ನು ತೆಗೆದು ಅವರ ಅಂಗೈಯಲ್ಲಿ ಇಟ್ಟೆ. ಬಾಯಿ ಸರಿ ತೆರೆಯದಿದ್ದರೂ, "ನೀವೇ" ಎಂದು ಹೇಳಿದ್ದು ಅವರಿಗೆ ಅರ್ಥವಾಯಿತು. ಮಾಮಿ ಟಾರ್ಚ್ ಹಚ್ಚಿದರು. ತಳ್ಳಿದ ಮೇಲೆ ಹಿಂದಕ್ಕೆ ಬಾರದೆ ಇರಲು ಗಂಡ ಹಲ್ಲು ಕಚ್ಚಿ ಕೀಲಿ ತೆಗೆಯುವುದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ಅಷ್ಟು ಪ್ರೀತಿ ಅವರ ಮೇಲೆ ನನಗೆ ಮದುವೆಯ ದಿನವೂ ಬಂದಿರಲಿಲ್ಲ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಮಾಮಿ ಬೊಬ್ಬೆ ಹಾಕಿದರು. "ಓ ಉಮೇಶಾ, ಬಾ ಇಲ್ಲಿ! ಬಿಟ್ಟಿತು!" ಆ ಬೊಬ್ಬೆಗೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು, "ಎಂತ ಆಯ್ತು, ದನ ಕರು ಹಾಕಿತಾ?" ಎಂದು ಕೇಳಿದರು. "ಇಲ್ಲ ಮಾರಾಯ್ರೆ, ಸೊಸೆಯ ಹಲ್ಲು ಬಿಟ್ಟಿತು!" ಎಂದು ಮಾಮಿ ಹೇಳಿದ ಸಂಭ್ರಮಕ್ಕೆ ಅವರಿಗೆ ಏನು ತಿಳಿಯಿತೋ. ಮುಂದಿನ ಎರಡು ಹಲ್ಲಿನ ನಡುವೆ ಒಂದು ಕಿಟಕಿಯೇ ತೆರೆದಿತ್ತು. ಕನ್ನಡಿಯಲ್ಲಿ ನೋಡಿದರೆ ನಾನೇ ಹೆದರುವಂತಿತ್ತು, ಆದರೂ ಗೆದ್ದವಳ ಹಾಗೆ ನಕ್ಕೆ.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡರೆ ತಪ್ಪು. ಹೊಸ ಎಲುಬು ಗಟ್ಟಿಯಾಗುವವರೆಗೆ ತಿರುಪು ಹಾಗೇ ಇರಬೇಕು, ಅಲ್ಲಿಯವರೆಗೆ ಊದುವ ಹಾಗಿಲ್ಲ. ದೀಪಾವಳಿ ಕಳೆದು ಮದುವೆಗಳು ಶುರುವಾದವು. ನಮ್ಮ ಸೆಟ್ಟು ಬೇರೊಬ್ಬ ಸ್ಯಾಕ್ಸೊಫೋನಿನವರನ್ನು ಕರೆದುಕೊಂಡು ಹೊರಡುವಾಗ ನಾನು ಅಂಗಳದಲ್ಲಿ ನಿಂತು ಕೈಬೀಸುತ್ತಿದ್ದೆ. ಅವರು ಒಳ್ಳೆಯವರು, ಚೆನ್ನಾಗಿಯೇ ಊದುತ್ತಾರೆ. ಅವರು ಚೆನ್ನಾಗಿ ಊದುತ್ತಾರೆಂಬುದೇ ನನಗೆ ಹೊಟ್ಟೆ ಉರಿಯಲು ಸಾಕಾಗಿತ್ತು.

ಕೊನೆಗೆ ತಿರುಪು ತೆಗೆದು, ಹಲ್ಲಿಗೆ ತಂತಿ ಕಟ್ಟಿದರು. ತಂತಿ ತುಟಿಗೆ ತಾಗದಂತೆ ಮೇಣದ ಪಟ್ಟಿಯನ್ನೂ ಕೊಟ್ಟು, "ಇನ್ನು ಮೆಲ್ಲ ಊದಿ ನೋಡಿ" ಎಂದರು ಡಾಕ್ಟ್ರಮ್ಮ. ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಪೆಟ್ಟಿಗೆ ತೆರೆದೆ. ತುಟಿ ಮಡಚಿದೆ, ರೀಡು ಕೂರಿಸಿದೆ, ಊದಿದೆ. ಹಲ್ಲು ಚುಚ್ಚಲಿಲ್ಲ. ರೀಡೂ ಗೊತ್ತಾಗಲಿಲ್ಲ. ಗಾಳಿ ಪಕ್ಕದಿಂದ ಸೋರಿತು, ಸ್ವರ ಬಾತುಕೋಳಿಯ ಹಾಗೆ ಕೂಗಿತು, ಗದ್ದದಲ್ಲಿ ಜೊಲ್ಲು ಇಳಿದಿದ್ದು ಅಂಗಿ ಒದ್ದೆಯಾದ ಮೇಲೆಯೇ ತಿಳಿದದ್ದು. ಮತ್ತೆ ಊದಿದೆ, ಮತ್ತೆ ಅದೇ. ಪೆಟ್ಟಿಗೆ ಮುಚ್ಚಿ ಅಟ್ಟದ ಮೇಲಿಟ್ಟೆ. ಅಪ್ಪ ತೀರಿಹೋದ ದಿನ ಬಿಟ್ಟರೆ ಅಷ್ಟು ಖಾಲಿ ನನಗೆ ಇನ್ನೆಂದೂ ಅನ್ನಿಸಿದ್ದಿಲ್ಲ.

ಗಂಡನಿಗೆ ಪೆಟ್ಟಿಗೆ ಜಾಗ ಬದಲಾದದ್ದು ಕಂಡಿತು. ಧೂಳು ಬೀಳದ ಹಾಗೆ ಅದರ ಮೇಲೊಂದು ಬಟ್ಟೆ ಹೊದಿಸಿದರು.

ಆಮೇಲೆ ಒಂದು ದಿನ ಮಧ್ಯಾಹ್ನ ಮಾಮಿ ಹುರುಳಿ ಸಾರನ್ನು ಲೋಟದಲ್ಲಿ ಕೊಟ್ಟರು. ಬಾಯಿಗೆ ಇಟ್ಟವಳೇ "ಹಾ!" ಎಂದು ಲೋಟ ದೂರ ಹಿಡಿದೆ.

"ಅಯ್ಯೋ ದೇವರೇ, ಬಿಸಿ ಇತ್ತಾ? ನನ್ನ ಬುದ್ಧಿಗೆ ಎಂತ ಆಗಿದೆಯೋ, ನೋಡದೆ ಕೊಟ್ಟೆ."

"ಬಿಸಿ ಉಂಟು ಮಾಮಿ! ಬಿಸಿ ಉಂಟು!"

"ಉಂಟು ಅಂತ ಗೊತ್ತಾಯ್ತು, ತಣಿಸಿ ಕೊಡ್ತೇನೆ, ಬೊಬ್ಬೆ ಹಾಕ್ಬೇಡ."

"ತಣಿಸ್ಬೇಡಿ!" ಎಂದು ಲೋಟ ಹಿಡಿದುಕೊಂಡೆ. ಸುಟ್ಟದ್ದು ಕೆಳತುಟಿ. ಬಲಬದಿಯಲ್ಲಿ, ಕಾಳುಮೆಣಸಿನಷ್ಟು ಜಾಗದಲ್ಲಿ. ಮಾಮಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಒಲೆಯ ಹತ್ತಿರವೇ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ವಾರಗಟ್ಟಲೆ ಗದ್ದದ ಮೇಲೆ ಇರುವೆ ಹರಿದ ಹಾಗೆ ಆಗುತ್ತಿತ್ತು, ತುರಿಕೆ, ಚುಮುಚುಮು. ಅಷ್ಟು ಚಂದದ ತುರಿಕೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಎಡಬದಿಯ ಒಂದು ಚೂರು ಇಂದಿಗೂ ಮಂದವಾಗಿಯೇ ಇದೆ, ಇರಲಿ.

ನಿಮ್ಮಲ್ಲಿ ಯಾರಿಗಾದರೂ ಇಂಥದ್ದೊಂದು ಮಾಡಿಸಬೇಕಾಗಿ ಬಂದು, ತುಟಿ ಮಾತು ಕೇಳದೆ, ಗಂಜಿ ಸೋರಿ, ಕನ್ನಡಿಯ ಎದುರು ಅಳು ಬರುತ್ತಿದ್ದರೆ, ನಾನೂ ಅದೇ ಕನ್ನಡಿಯ ಎದುರು ಕೂತವಳು. ಎಲ್ಲರಿಗೂ ನನಗಾದ ಹಾಗೆಯೇ ಆಗುತ್ತದೆ ಎನ್ನಲು ನಾನು ಡಾಕ್ಟರಲ್ಲ. ಬೇಗ ಆಗುವುದಿಲ್ಲ ಎಂದು ಮಾತ್ರ ಗೊತ್ತು. ಟಾರ್ಚ್ ಹಿಡಿಯಲು ಒಬ್ಬರು, ಕೀಲಿ ಹಿಡಿಯಲು ಒಬ್ಬರು ಇದ್ದರೆ ಆ ಕಾಲ ಹೇಗೋ ದಾಟುತ್ತದೆ.

ಸಂಕ್ರಾಂತಿ ಕಳೆದು ಪುತ್ತೂರಿನ ಒಂದು ಹಾಲ್‌ನಲ್ಲಿ ಮದುವೆ. ಎಷ್ಟೋ ತಿಂಗಳ ಮೇಲೆ ನಾನು ಸೆಟ್ಟಿನ ಜೊತೆ ಹೋದದ್ದು ಅಂದೇ. ಬೆಳಗ್ಗಿನಿಂದ ಸಣ್ಣಪುಟ್ಟದ್ದನ್ನು ಹೇಗೋ ಊದಿ ದಾಟಿಸಿದ್ದೆ, ಎತ್ತರದ ಸ್ವರಕ್ಕೆ ಕೈ ಹಾಕಿರಲಿಲ್ಲ. ಮುಹೂರ್ತಕ್ಕೆ ಅದು ಬೇಕೇ ಬೇಕು, ಆಗ ಸ್ವರ ಒಡೆದರೆ ಮದುಮಕ್ಕಳ ಮನೆಯವರು ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾರೆ. ತುಟಿ ನೆಕ್ಕಿಕೊಂಡು, ಮೇಣ ಸರಿಮಾಡಿಕೊಂಡು ಕಾಯುತ್ತಿದ್ದೆ. ಮದುಮಗ ತಾಳಿ ಹಿಡಿದ. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು.

ಊದಿದೆ. ರೀಡು ತುಟಿಯ ಮೇಲೆ ನಡುಗಿತು. ಅದು ನನಗೆ ಗೊತ್ತಾಯಿತು. ಸ್ವರ ಏರಿತು, ಒಡೆಯಲಿಲ್ಲ, ಹಾಲ್‌ನ ಆ ತುದಿಯವರೆಗೆ ಹೋಯಿತು. ನಾರಾಯಣಣ್ಣನ ತಾಳ ಜೊತೆಗಿತ್ತು. ಆದರೆ ಏನೋ ಕಮ್ಮಿ. ಡೋಲು ಕೇಳುತ್ತಿರಲಿಲ್ಲ. ಕಣ್ಣು ಹೊರಳಿಸಿ ನೋಡಿದರೆ ಗಂಡ ಕೋಲೆತ್ತಿ ಹಿಡಿದುಕೊಂಡು, ಬಾರಿಸದೆ, ನನ್ನನ್ನೇ ನೋಡುತ್ತ ನಿಂತಿದ್ದರು.

"ಓ ಡೋಲಿನವರೇ! ಎಂತ, ನಿದ್ದೆಯಾ? ಬಾರಿಸಿ ಮಾರಾಯ್ರೆ!" ಎಂದು ಪುರೋಹಿತರು ಮಂತ್ರದ ನಡುವೆಯೇ ಗದರಿದರು. ಆಗ ಡೋಲು ಬಿತ್ತು, ಹಾಲ್ ಅದುರುವ ಹಾಗೆ.

ಊಟಕ್ಕೆ ಕೂತಾಗ ಕೇಳಿದೆ. "ಗಟ್ಟಿಮೇಳಕ್ಕೆ ಡೋಲು ತಪ್ಪಿಸಿದವರು ನೀವು ಅಂತ ಊರಿಡೀ ಹೇಳ್ತಾರೆ. ಎಂತ ಆಯ್ತು ನಿಮಗೆ? ಕೈ ಹಿಡೀತಾ?"

ಅವರು ಎಲೆಯಿಂದ ಮುಖ ಎತ್ತಲಿಲ್ಲ.

"ಕೈಗೆ ಎಂತದ್ದೂ ಆಗ್ಲಿಲ್ಲ" ಎಂದರು. "ನಾನು ಕೇಳ್ತಾ ಇದ್ದೆ."